ಪಾವ್ಲೋವ್ ಪಂಡಿತರ ಜೀವನವೂ ಕಲಿಕೆಯ ಶಾಸ್ತ್ರವೂ

ಔರಾದ ಮತ್ತು ಭಾಲ್ಕಿ ತಾಲೂಕುಗಳ ಒಕ್ಕಲುಮನೆಗಳಿಂದ ನಮ್ಮ ಪಾಠಶಾಲೆಗೆ ಬಂದು ಕಲಿತುಹೋದ ವಿದ್ಯಾರ್ಥಿನಿಯರಿಗೆ ದೇವಣಿ ಆಕಳ ಗುಣವನ್ನು ನಾವು ಬಣ್ಣಿಸಿ ಹೇಳಬೇಕಾಗಿಲ್ಲ. ನಸುಕಿನಲ್ಲಿ ಮನೆಯ ತಾಯಿಯು ಚರಿಗೆಯನ್ನು ಹಿಡಿದು ಕೊಟ್ಟಿಗೆಗೆ ಹೋಗಿ ಕರುವನ್ನು ಬಿಡುವಳು. ಕರುವು ನಾಲ್ಕು ಸಾರಿ ಚೀಪುವಷ್ಟರಲ್ಲಿ ಕೆಚ್ಚಲಿಗೆ ಹಾಲು ಇಳಿಯುವುದು. ಬಳಿಕ ಕರುವನ್ನು ಆಕಳ ಮುಂದೆ ಕಟ್ಟಿ ಹಿಂಡುವಳು. ದಿನವೂ ಹೀಗೆ ನಡೆದ ಮೇಲೆ, ಕರುವಿನ ಬಾಯಿ ತಗಲುವುದಕ್ಕೆ ಮುಂಚೆಯೇ, ಅದರ ಮುಖ ಕಂಡ ಮಾತ್ರಕ್ಕೆ ಇಲ್ಲವೆ ಚರಿಗೆಯ ಸಪ್ಪಳ ಕೇಳಿದ ಮಾತ್ರಕ್ಕೆ, ಆಕಳು ಹಾಲು ಇಳಿಸುವುದುಂಟು. ಕರು ಸತ್ತರೆ ಅದರ ತೊಗಲಿನೊಳಗೆ ಹುಲ್ಲು ತುಂಬಿ ಆಕಳ ಮುಂದೆ ನಿಲ್ಲಿಸುವ ಪದ್ಧತಿಯನ್ನೂ ನಮ್ಮ ಹಿರಿಯರು ಬಲ್ಲರು. ಅದೇ ಆಕಳನ್ನು ಯಾರಾದರೂ ಕೋಲಿನಿಂದ ಹೊಡೆದು ಬೆದರಿಸಿದರೋ, ಕೆಚ್ಚಲು ತುಂಬಿದ್ದರೂ ಅದು ಹಾಲು ಬಿಡುವುದಿಲ್ಲ.

ಚರಿಗೆಯ ಸಪ್ಪಳದಲ್ಲಿ ಹಾಲನ್ನು ಇಳಿಸುವ ಶಕ್ತಿ ಎಲ್ಲಿಂದ ಬಂತು? ನಮ್ಮ ಹೆಣ್ಣುಮಕ್ಕಳು ರೂಢಿಯಿಂದ ಅರಿತಿದ್ದ ಈ ಸಂಗತಿಯನ್ನು ಪ್ರಶ್ನೆಯಾಗಿ ಎತ್ತಿಕೊಂಡು, ಹನಿ ಹನಿಯಾಗಿ ಅಳೆದು, ಮೂವತ್ತಕ್ಕೂ ಹೆಚ್ಚು ವರುಷ ಅದರ ಹಿಂದೆ ಬಿದ್ದ ಪಂಡಿತರೊಬ್ಬರು ರಷ್ಯ ದೇಶದಲ್ಲಿದ್ದರು. ಇವಾನ್ ಪೆತ್ರೋವಿಚ್ ಪಾವ್ಲೋವ್ ಎಂಬ ಆ ಮಹಾಶಯರ ಜೀವನವೃತ್ತಾಂತವನ್ನು ಈ ಸಂಚಿಕೆಯಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇವೆ. ಮಕ್ಕಳನ್ನು ಕಲಿಸುವವರಿಗೂ ಸಾಕುವವರಿಗೂ ಅವರ ನಾಯಿಗಳ ಕಥೆಯು ಹತ್ತಿರದ್ದೇ ಆಗಿದೆ.

ಪಾವ್ಲೋವರು 1849ನೆಯ ಇಸವಿ ಸೆಪ್ಟೆಂಬರ್ 26ರಂದು ಮಾಸ್ಕೋ ನಗರದ ಆಗ್ನೇಯಕ್ಕಿರುವ ರಿಯಾಜಾನ್ ಪಟ್ಟಣದಲ್ಲಿ ಜನಿಸಿದರು. ತಂದೆಯು ಅಲ್ಲಿಯ ದೇವಾಲಯದ ಗುರುಗಳು. ಸಂಸಾರ ದೊಡ್ಡದು, ವರಮಾನ ಚಿಕ್ಕದು. ಬಾಲಕನು ಸುಮಾರು 8 ವರ್ಷದವನಾಗಿದ್ದಾಗ ಎತ್ತರದಿಂದ ಕಲ್ಲುಹಾಸಿನ ಮೇಲೆ ಬಿದ್ದು ಬಹುಕಾಲ ಹಾಸಿಗೆ ಹಿಡಿದನು. ಬದುಕುವನೆಂಬ ಭರವಸೆಯೇ ಮನೆಯವರಿಗೆ ಇರಲಿಲ್ಲ. ಅವನ ಜ್ಞಾನಪಿತನಾಗಿದ್ದ ಮಠಾಧಿಪತಿಯೊಬ್ಬರು ಅವನನ್ನು ತಮ್ಮ ಮಠಕ್ಕೆ ಕರೆದೊಯ್ದು ಉಪಚರಿಸಿ, ಓದು ಬರಹ ಕಲಿಸಿ, ಗಟ್ಟಿಮುಟ್ಟಾಗಿ ಮಾಡಿ ಕಳುಹಿಸಿದರು. ಆದಕಾರಣ ಅವನು ಪಾಠಶಾಲೆಯ ಬಾಗಿಲು ಕಂಡದ್ದು 11ನೆಯ ವಯಸ್ಸಿನಲ್ಲಿ. ಮಗಳು ವರ್ಗದಲ್ಲಿ ಹಿಂದೆ ಬಿದ್ದಳೆಂದು ಕಳವಳಗೊಂಡು ನಮ್ಮ ಬಳಿಗೆ ಬರುವ ತಂದೆತಾಯಿಗಳಿಗೆ ಈ ಒಂದು ಅಂಕೆಯನ್ನು ನಾವು ಆಗಾಗ್ಗೆ ಹೇಳುವುದುಂಟು.

ತಂದೆಯ ದಾರಿಯಲ್ಲಿ ಮಗನೂ ಗುರುವಾಗಲೆಂದು ರಿಯಾಜಾನಿನ ವೈದಿಕ ವಿದ್ಯಾಲಯಕ್ಕೆ ಸೇರಿಸಿದರು. ಅಲ್ಲಿ ಸೆಚೆನೋವ್ ಎಂಬ ಶರೀರಶಾಸ್ತ್ರಜ್ಞರು 1863ರಲ್ಲಿ ಮೆದುಳಿನ ವ್ಯಾಪಾರಗಳನ್ನು ಕುರಿತು ಬರೆದಿದ್ದ ಗ್ರಂಥವು ಅವರ ಕೈಗೆ ಸಿಕ್ಕಿತು. ಮನಸ್ಸು ಮಠದಿಂದ ಪ್ರಯೋಗಶಾಲೆಯ ಕಡೆಗೆ ತಿರುಗಿತು. 1870ರಲ್ಲಿ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಪ್ರಕೃತಿವಿಜ್ಞಾನವನ್ನೂ, ಆಮೇಲೆ ವೈದ್ಯವನ್ನೂ ಕಲಿತರು. ಅವರು ಎಡಗೈಯವರು, ಶಸ್ತ್ರಚಿಕಿತ್ಸೆಯಲ್ಲಿ ಆ ಕೈಯ ಚಳಕವು ಜನರು ನೋಡಿ ಬೆರಗಾಗುವಂಥದಾಗಿತ್ತು.

ಅವರ ಪತ್ನಿ ಸೆರಾಫಿಮಾ ಕರ್ಚೆವ್ಸ್ಕಾಯಾ ಉಪಾಧ್ಯಾಯಿನಿ. ವಿವಾಹಕ್ಕೆ ಮುಂಚೆ ಆಕೆಯು ಹಳ್ಳಿಯ ಶಾಲೆಯೊಂದರಲ್ಲಿ ಕಲಿಸುವುದಕ್ಕೆ ಹೊರಟಾಗ ಪಾವ್ಲೋವರು ಇದ್ದ ಹಣವನ್ನೆಲ್ಲ ಕೂಡಿಸಿ ಆಕೆಗೆ ಒಂದು ಜೊತೆ ಪಾದರಕ್ಷೆಗಳನ್ನು ಕೊಂಡುಕೊಟ್ಟರಂತೆ. ಊರು ಮುಟ್ಟಿ ಪೆಟ್ಟಿಗೆ ತೆರೆದರೆ ಒಂದೇ ಕಾಲಿನದು ಇತ್ತು! ಮತ್ತೊಂದನ್ನು ಅವರು ನೆನಪಿಗಾಗಿ ತಮ್ಮ ಬಳಿಯೇ ಇಟ್ಟುಕೊಂಡಿದ್ದರೆಂದು ಆಕೆಯು ತನ್ನ ಸ್ಮರಣೆಗಳಲ್ಲಿ ಬರೆದಿರುವಳು. 1881ರಲ್ಲಿ ಮದುವೆಯಾಯಿತು. ಆ ಬಳಿಕ ಸುಮಾರು ಹತ್ತು ವರ್ಷ ಕಡು ಬಡತನ. ಚೊಚ್ಚಲ ಮಗುವು ತೀರಿಕೊಂಡಿತು. ಬಾಡಿಗೆ ಕೊಡಲಾರದೆ ದಂಪತಿಗಳು ಕೆಲಕಾಲ ಬೇರೆ ಬೇರೆ ಇರಬೇಕಾಯಿತು. ಪತಿಯು ಪ್ರಯೋಗಶಾಲೆಯಲ್ಲಿಯೇ ಮಲಗುವನು. ಶಿಷ್ಯರು ಮರುಗಿ, ಉಪನ್ಯಾಸದ ಸಂಭಾವನೆಯೆಂಬ ನೆಪದಿಂದ ಹಣ ಕೂಡಿಸಿ ಕೊಟ್ಟರೆ, ಅದನ್ನು ಪ್ರಯೋಗದ ಪ್ರಾಣಿಗಳಿಗೆ ವೆಚ್ಚ ಮಾಡಿಬಿಟ್ಟರು. ಇದನ್ನು ಹೊಗಳಬೇಕೋ ಬೇಡವೋ ನಮಗೆ ತಿಳಿಯದು. ಮನೆಯಲ್ಲಿ ಒಲೆ ಹೊತ್ತಿಸಬೇಕಾದವಳು ಸೆರಾಫಿಮಾ ಎಂಬುದನ್ನು ಮಾತ್ರ ನಮ್ಮ ವಾಚಕಿಯರು ಮರೆಯಲಾರರು.

1890ರಲ್ಲಿ ಸೈನಿಕ ವೈದ್ಯವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪದವಿಯೂ, 1891ರಲ್ಲಿ ಹೊಸ ಪ್ರಯೋಗ ವೈದ್ಯಸಂಸ್ಥೆಯ ಶರೀರಶಾಸ್ತ್ರ ವಿಭಾಗವೂ ಅವರಿಗೆ ದೊರೆತವು. ಆಗ ಅವರು ಶೋಧಿಸುತ್ತಿದ್ದದ್ದು ಕಲಿಕೆಯನ್ನಲ್ಲ, ಜೀರ್ಣಕ್ರಿಯೆಯನ್ನು. ಆವರೆಗಿನ ಶೋಧಕರು ಪ್ರಾಣಿಯನ್ನು ಕೊಯ್ದು ಸಾಯುವುದರೊಳಗೆ ನೋಡಿದಷ್ಟನ್ನೇ ನೋಡುತ್ತಿದ್ದರು. ಪಾವ್ಲೋವರಾದರೋ ನಾಯಿಗಳಿಗೆ ಸ್ವಚ್ಛವಾದ ಶಸ್ತ್ರಕೋಣೆಯನ್ನೂ ಆರೈಕೆಯ ಕೋಣೆಯನ್ನೂ ಕಟ್ಟಿಸಿ, ಕೆನ್ನೆಯಲ್ಲಾಗಲಿ ಹೊಟ್ಟೆಯಲ್ಲಾಗಲಿ ಸಣ್ಣ ದ್ವಾರವಿಟ್ಟು, ಗಾಯ ಮಾಯ್ದು ನಾಯಿಯು ಆರೋಗ್ಯದಿಂದ ಓಡಾಡುವಾಗ ಅದರ ರಸಗಳನ್ನು ಸಂಗ್ರಹಿಸಿ ಅಳೆಯುತ್ತಿದ್ದರು. 1889ರಲ್ಲಿ ಶುಮೋವಾ-ಸಿಮನೋವ್ಸ್ಕಾಯಾ ಎಂಬ ವೈದ್ಯೆಯೊಡನೆ ಮಾಡಿದ ಪ್ರಯೋಗದಲ್ಲಿ, ನಾಯಿಯು ನುಂಗಿದ ಆಹಾರವು ಕುತ್ತಿಗೆಯ ದ್ವಾರದಿಂದ ಹೊರಗೆ ಬಿದ್ದು ಹೊಟ್ಟೆಯನ್ನು ಮುಟ್ಟದಿದ್ದರೂ ಜಠರರಸವು ಧಾರಾಳವಾಗಿ ಸುರಿಯಿತು. ರಷ್ಯದ ವಿಶ್ವವಿದ್ಯಾನಿಲಯಗಳು ಸ್ತ್ರೀಯರನ್ನು ವಿದ್ಯಾರ್ಥಿನಿಯರಾಗಿ ಸೇರಿಸಿಕೊಳ್ಳದಿದ್ದ ಕಾಲವದು. ಅವರ ಪ್ರಯೋಗಶಾಲೆಯಲ್ಲಿ ಮಾತ್ರ ಮುಂದೆಯೂ ಅನೇಕ ಸ್ತ್ರೀಯರು ಕೆಲಸ ಮಾಡಿದರು. ನಾಯಿಗಳಿಂದ ತೆಗೆದ ಜಠರರಸವನ್ನು ಅಜೀರ್ಣದ ಔಷಧವಾಗಿ ಮಾರಿ ಪ್ರಯೋಗಶಾಲೆಯ ಖರ್ಚನ್ನು ತೂಗಿಸಿದ್ದೂ ಉಂಟು. 1904ರಲ್ಲಿ ಜೀರ್ಣಕ್ರಿಯೆಯ ಶೋಧಕ್ಕಾಗಿ ನೊಬೆಲ್ ಬಹುಮಾನ ಬಂತು. ಅದನ್ನು ಪಡೆದ ರಷ್ಯನರಲ್ಲಿ ಅವರೇ ಮೊದಲಿಗರು.

ಈ ನಾಯಿಗಳ ವಿಷಯದಲ್ಲಿ ನಮ್ಮ ಮನಸ್ಸು ಒಡಕಾಗಿದೆಯೆಂದು ಇಲ್ಲಿಯೇ ಹೇಳಿಬಿಡುತ್ತೇವೆ. ಅವುಗಳಿಗೆ ಆದ ನೋವನ್ನು ಪಾವ್ಲೋವರೂ ಹಗುರವಾಗಿ ಎಣಿಸಿದವರಲ್ಲ. ಇಂದಿನ ನಿಯಮಗಳು ಅವರ ಎಷ್ಟೋ ಪ್ರಯೋಗಗಳಿಗೆ ಅನುಮತಿ ಕೊಡಲಿಕ್ಕಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಜೊಲ್ಲನ್ನು ಅಳೆಯುತ್ತಿದ್ದ ಅವರಿಗೆ ಒಂದು ತೊಡಕು ಎದುರಾಯಿತು. ಮಾಂಸವು ಬಾಯಿಗೆ ಬೀಳುವುದಕ್ಕೆ ಮುಂಚೆಯೇ, ಬಟ್ಟಲು ಕಂಡಾಗ, ಆಹಾರ ತರುವವನ ಹೆಜ್ಜೆಯ ಸಪ್ಪಳ ಕೇಳಿದಾಗ, ನಾಯಿಯು ಜೊಲ್ಲು ಸುರಿಸತೊಡಗುವುದು. ಅಳತೆಯನ್ನು ಕೆಡಿಸುವ ಈ ಹನಿಗಳನ್ನು ಬೇರೊಬ್ಬರು ಒರಸಿ ಬಿಡುತ್ತಿದ್ದರು. ನಾಯಿಗೆ ಆಸೆಯಾಯಿತು, ನೆನಪಾಯಿತು ಎಂದು ಅದರ ಮನಸ್ಸಿನೊಳಗೆ ಹೊಕ್ಕು ವಿವರಿಸಬೇಕೆಂದು ಸ್ನಾರ್ಸ್ಕಿ ಎಂಬ ಸಹಾಯಕನು ವಾದಿಸಿದನು, ಪಾವ್ಲೋವರು ಒಪ್ಪಲಿಲ್ಲ, ಇಬ್ಬರೂ ಅಗಲಿದರು. ಹೊರಗೆ ಕಾಣುವುದನ್ನೂ ಎಣಿಸಬಹುದಾದುದನ್ನೂ ಮಾತ್ರ ಹಿಡಿದು ನಡೆಯುವೆನೆಂದು ಪಾವ್ಲೋವರು ನಿಶ್ಚಯಿಸಿದರು. ಆಗ ಅವರ ವಯಸ್ಸು ಐವತ್ತು ದಾಟಿತ್ತು. ಹೆಸರು ತಂದ ಕೆಲಸವನ್ನು ಬದಿಗಿಟ್ಟು ಹೊಸ ವಿದ್ಯೆಗೆ ಕೈ ಹಾಕಿದರು.

ಬೀದರದ ಚೌಬಾರದ ಸುತ್ತಲಿನ ಪೇಟೆಯಲ್ಲಿ ಹುಣಸೆಹಣ್ಣಿನ ರಾಶಿಯನ್ನು ಕಂಡವರಿಗೆ ಬಾಯಲ್ಲಿ ನೀರೂರುವುದಷ್ಟೆ. ಹುಣಸೆಯನ್ನು ನಾಲಗೆಗೆ ಇಟ್ಟರೆ ನೀರೂರುವುದು ಹುಟ್ಟಿನಿಂದ ಬಂದ ಸಹಜ ಕ್ರಿಯೆ; ಯಾರೂ ಕಲಿಸಬೇಕಾಗಿಲ್ಲ. ಅದನ್ನು ಕಂಡರೆ ನೀರೂರುವುದು ಮಾತ್ರ ಕಲಿತದ್ದು. ಎಂದೂ ತಿನ್ನದ ಶಿಶುವಿಗೆ ಆ ರಾಶಿಯು ಬರಿಯ ಕಂದು ಬಣ್ಣದ ಮುದ್ದೆ. ಪಾವ್ಲೋವರ ಶಿಷ್ಯ ತ್ಸಿತೋವಿಚ್ ಎಂಬವನು ನಾಯಿಮರಿಗಳನ್ನು ಹಾಲಿನಲ್ಲಿಯೇ ಬೆಳೆಸಿ ನೋಡಿದನು. ಮಾಂಸವನ್ನು ಕಂಡಾಗಲೂ ಮೂಸಿದಾಗಲೂ ಅವುಗಳ ಬಾಯಲ್ಲಿ ನೀರೂರಲಿಲ್ಲ; ಕೆಲವು ಸಾರಿ ತಿಂದ ಮೇಲೆ ಊರಿತು. ಹೀಗೆ ಸಹಜ ಕ್ರಿಯೆಯೊಂದಕ್ಕೆ ಹೊರಗಿನ ಗುರುತೊಂದು ಗಂಟುಬಿದ್ದು ಹುಟ್ಟುವ ಹೊಸ ಕ್ರಿಯೆಗೆ ಅನುಬಂಧಿತ ಪರಾವರ್ತಿತ ಕ್ರಿಯೆ ಎಂದು ಹೆಸರು.

ಪಾವ್ಲೋವರು ಗಂಟೆ ಬಾರಿಸಿದರು, ನಾಯಿ ಜೊಲ್ಲು ಸುರಿಸಿತು ಎಂದು ಎಲ್ಲರೂ ಹೇಳುವರು. ಗಂಟೆಯನ್ನು ಅವರು ಉಪಯೋಗಿಸಲಿಲ್ಲವೆಂದಲ್ಲ. ಆದರೆ ಸಂಗೀತಗಾರರು ತಾಳಕ್ಕಾಗಿ ಇಟ್ಟುಕೊಳ್ಳುವ ಟಿಕ್‌ಟಿಕ್ ಯಂತ್ರವನ್ನೂ, ದೀಪಗಳನ್ನೂ, ಚರ್ಮದ ಮೇಲಿನ ಸ್ಪರ್ಶವನ್ನೂ ಹೆಚ್ಚಾಗಿ ನೆಚ್ಚಿದ್ದರು. ಗುರುತು ಆಹಾರಕ್ಕಿಂತ ತುಸು ಮುಂಚೆ ಬರಬೇಕು. ಆಹಾರ ಕೊಟ್ಟಾದ ಮೇಲೆ ಸಪ್ಪಳ ಮಾಡಿದರೆ ನಾಯಿಯು ಕಲಿಯುವುದೇ ಇಲ್ಲವೆನ್ನಬಹುದು. ಮಧ್ಯಾಹ್ನದ ಬುತ್ತಿಯ ಗಂಟೆ ಬಾರಿಸಿದೊಡನೆ ಹಸಿವೆಯಾಗುತ್ತಿದ್ದುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಊಟ ಮುಗಿದು ವರ್ಗಕ್ಕೆ ಕರೆಯುವ ಗಂಟೆಗೆ ಯಾರ ಬಾಯಲ್ಲಿಯೂ ನೀರೂರಿದ್ದಿಲ್ಲ. ಸಪ್ಪಳ ಮಾಡಿ ಆಹಾರ ಕೊಡದೆ ಹೋದರೆ ಜೊಲ್ಲು ದಿನದಿಂದ ದಿನಕ್ಕೆ ಕಡಿಮೆಯಾಗಿ ನಿಲ್ಲುವುದು. ಸತ್ತಿತೆಂದುಕೊಂಡರೆ ಸಾಯಲಿಲ್ಲ: ಸ್ವಲ್ಪ ಕಾಲ ಬಿಟ್ಟು ಮತ್ತೆ ಸಪ್ಪಳ ಮಾಡಿದರೆ ಹಳೆಯ ಕ್ರಿಯೆಯು ತಾನಾಗಿ ತಲೆಯೆತ್ತುವುದು. ಹೊಸ ಕಲಿಕೆಯು ಹಳೆಯದನ್ನು ಮುಚ್ಚುವುದೇ ಹೊರತು ಅಳಿಸುವುದಿಲ್ಲವೆಂದು ಇಂದಿನ ಶಾಸ್ತ್ರಜ್ಞರೂ ಹೇಳುತ್ತಾರೆ.

ಇನ್ನೊಂದು ವಿನೋದದ ಸಂಗತಿ. ಪ್ರಯೋಗವು ಸೊಗಸಾಗಿ ನಡೆಯುತ್ತಿದೆಯೆಂದು ಶಿಷ್ಯರು ಗುರುಗಳನ್ನು ಕರೆತಂದು ತೋರಿಸಹೋದರೆ ನಾಯಿಯು ಎಲ್ಲವನ್ನೂ ಮರೆತು ಬಂದವರನ್ನೇ ನೋಡುತ್ತ ನಿಲ್ಲುವುದು! ಇನ್‌ಸ್ಪೆಕ್ಟರರು ವರ್ಗಕ್ಕೆ ಬಂದ ದಿನ ನಮಗೆ ಆದ ಅನುಭವವೂ ಇದೇ. ಹೊಸ ಸಂಗತಿಯೊಂದು ಎದುರಾದರೆ ಹಳೆಯ ಕಲಿಕೆಯು ಹಿಂಜರಿಯುವುದು ಪ್ರಾಣಿಧರ್ಮವೆಂದು ಪಾವ್ಲೋವರು ತಿಳಿಸಿದರು. ಆದಕಾರಣವೇ ಹೊರಗಿನ ಸದ್ದು ಒಳಗೆ ಬಾರದಂತೆ ದಪ್ಪ ಗೋಡೆಗಳ ವಿಶೇಷ ಕಟ್ಟಡವನ್ನು ಕಟ್ಟಿಸಿಕೊಂಡರು.

ನಮ್ಮನ್ನು ಬಹಳ ಯೋಚನೆಗೆ ಹಚ್ಚಿದ ಪ್ರಯೋಗವು ಶೆಂಗರ್-ಕ್ರೆಸ್ಟೊವ್ನಿಕೋವಾ ಎಂಬ ಮಹಿಳೆಯು ಅವರ ಪ್ರಯೋಗಶಾಲೆಯಲ್ಲಿ ನಡೆಸಿದ್ದು. ಪರದೆಯ ಮೇಲೆ ವೃತ್ತವು ಬೆಳಗಿದರೆ ಆಹಾರ ಬರುವುದು. ಮೊಟ್ಟೆಯಾಕಾರವು ಬೆಳಗಿದರೆ ಬಾರದು. ನಾಯಿಯು ಬೇಗ ಕಲಿತಿತು. ಬಳಿಕ ಮೊಟ್ಟೆಯಾಕಾರವನ್ನು ದಿನೇ ದಿನೇ ದುಂಡಗೆ ಮಾಡುತ್ತ ಬಂದರು. ಉದ್ದಗಲಗಳು 9ಕ್ಕೆ 8ರಷ್ಟಾದಾಗ ನಾಯಿಯು ಮೊದಲು ಅಲ್ಪಸ್ವಲ್ಪ ಗುರುತಿಸಿತು. ಮೂರು ವಾರ ಅದನ್ನೇ ಮುಂದುವರಿಸಲಾಗಿ ಗುರುತಿಸುವ ಶಕ್ತಿಯು ಹೆಚ್ಚುವುದರ ಬದಲು ಕುಂದಿ ಇಲ್ಲವಾಯಿತು. ಅಷ್ಟೇ ಅಲ್ಲ. ಅದುವರೆಗೆ ಶಾಂತವಾಗಿ ನಿಲ್ಲುತ್ತಿದ್ದ ಪ್ರಾಣಿಯು ಕಿರುಚಿತು, ಕೊಸರಾಡಿತು, ಉಪಕರಣಗಳನ್ನು ಕಚ್ಚಿ ಹರಿಯಿತು. ಬಹಳ ಹಿಂದೆ ಕಲಿತಿದ್ದ ಸುಲಭವಾದ ಭೇದವೂ ಅದಕ್ಕೆ ತಿಳಿಯದೆ ಹೋಯಿತು. ಅದನ್ನು ಮತ್ತೆ ಕಲಿಸುವುದಕ್ಕೆ ಮೊದಲಿಗಿಂತ ಹೆಚ್ಚು ಕಾಲ ಹಿಡಿಯಿತು. ಇಲ್ಲಿ ನಾಯಿಯನ್ನು ಯಾರೂ ಹೊಡೆದಿರಲಿಲ್ಲ, ಉಪವಾಸ ಕೆಡವಿರಲಿಲ್ಲ. ಶಕ್ತಿಗೆ ಮೀರಿದ ಪ್ರಶ್ನೆಯನ್ನು ಬಿಡದೆ ಕೇಳಿದ್ದೊಂದೇ ಕಾರಣ. ನಿನ್ನೆ ಬಂದ ಲೆಕ್ಕವು ಇಂದು ಬಾರದಾದ ಹುಡುಗಿಯನ್ನು ಮೊಂಡಳೆಂದು ಜರೆದ ನಮ್ಮ ಕೆಲವು ದಿನಗಳು ಇದನ್ನು ಓದುವಾಗ ಕಣ್ಣೆದುರಿಗೆ ಬಂದವು.

ಇದೇ ಕಾಲದಲ್ಲಿ ಅಮೇರಿಕದಲ್ಲಿ ಥಾರ್ನ್‌ಡೈಕ್ ಎಂಬವರು ಬೇರೆ ದಾರಿಯಿಂದ ಶೋಧಿಸಿದ್ದರು. 1898ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಹಸಿದ ಬೆಕ್ಕು ಪಂಜರದೊಳಗೆ ಪರಚಿ, ಕಚ್ಚಿ, ಅಕಸ್ಮಾತ್ತಾಗಿ ಅಗಳಿಯನ್ನು ತೆರೆದು ಹೊರಬಂದು ಮೀನು ತಿನ್ನುವುದು. ಸಾರಿ ಸಾರಿಗೂ ವ್ಯರ್ಥ ಚೇಷ್ಟೆಗಳು ಕಳೆದು ಫಲ ಕೊಟ್ಟ ಚೇಷ್ಟೆಯೊಂದೇ ಉಳಿಯುವುದು. ಪಾವ್ಲೋವರ ನಾಯಿಯು ಕಲಿತದ್ದು ಯಾವುದರ ಹಿಂದೆ ಯಾವುದು ಬರುವುದೆಂಬುದನ್ನು. ಥಾರ್ನ್‌ಡೈಕರ ಬೆಕ್ಕು ಕಲಿತದ್ದು ಏನು ಮಾಡಿದರೆ ಏನು ಸಿಗುವುದೆಂಬುದನ್ನು. ಪಾಠಶಾಲೆಯಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ.

1917ರ ರಾಜ್ಯಕ್ರಾಂತಿಯ ತರುವಾಯ ರಷ್ಯದಲ್ಲಿ ಬರಗಾಲ. ನೊಬೆಲ್ ಬಹುಮಾನದ ಹಣವೂ ಹೋಯಿತು. ಎಪ್ಪತ್ತರ ಮುದುಕರು ಸಂಸ್ಥೆಯ ಅಂಗಳದಲ್ಲಿ ತಾವೇ ಅಗೆದು ಆಲೂಗಡ್ಡೆ ಬೆಳೆದರು. ನಾಯಿಗಳು ಹಸಿವೆಯಿಂದ ಸತ್ತವು. 1919ರಲ್ಲಿ ಮಗ ವಿಕ್ಟರನು ತೀರಿಕೊಂಡನು. ದೇಶ ಬಿಟ್ಟು ಹೋಗುವುದಕ್ಕೆ ಅನುಮತಿ ಕೇಳಿದಾಗ, ಲೆನಿನ್‌ರ ಸರ್ಕಾರವು 1921ರ ಜನವರಿಯಲ್ಲಿ ವಿಶೇಷ ಆಜ್ಞೆ ಹೊರಡಿಸಿ ಅವರ ಕೆಲಸಕ್ಕೂ ಊಟಕ್ಕೂ ಅನುಕೂಲ ಮಾಡಿಕೊಟ್ಟಿತು. ಅವರು ಉಳಿದರು, ಆದರೆ ಬಾಯಿ ಮುಚ್ಚಿಕೊಂಡು ಉಳಿಯಲಿಲ್ಲ. 1924ರಲ್ಲಿ ಧರ್ಮಗುರುಗಳ ಮಕ್ಕಳನ್ನು ವಿದ್ಯಾಲಯದಿಂದ ಹೊರಹಾಕಿದಾಗ, ತಾವೂ ಗುರುವಿನ ಮಗನೆಂದು ತಿಳಿಸಿ ಸೈನಿಕ ವೈದ್ಯವಿದ್ಯಾಲಯದ ಪೀಠವನ್ನೇ ಬಿಟ್ಟರು. ಅವರು ಸ್ವತಃ ನಂಬುಗೆ ಉಳ್ಳವರಾಗಿರಲಿಲ್ಲ, ಸೆರಾಫಿಮಾ ಆಗಿದ್ದಳು. ಕಲಿಯಬೇಕೆಂದು ಬಂದವರಿಗೆ ಬಾಗಿಲು ಮುಚ್ಚಬಾರದೆಂಬಲ್ಲಿ ಇಬ್ಬರಿಗೂ ಭೇದವಿರಲಿಲ್ಲ.

ಅದೇ 1924ರ ಸೆಪ್ಟೆಂಬರ್ 23ರಂದು ನೆವಾ ನದಿಯ ಮಹಾಪೂರವು ಲೆನಿನ್‌ಗ್ರಾಡನ್ನು ನುಗ್ಗಿತು. ನಾಯಿಗಳ ಗೂಡುಗಳಲ್ಲಿ ನೀರು ಏರಿತು. ಗೂಡಿನ ಬಾಗಿಲು ಕೆಳಗಡೆ ಇದ್ದುದರಿಂದ, ಮೇಲೆ ಮೂಗೆತ್ತಿ ಈಜುತ್ತಿದ್ದ ನಾಯಿಗಳನ್ನು ನೀರಿನಲ್ಲಿ ಮುಳುಗಿಸಿ ಹೊರಗೆ ಎಳೆಯಬೇಕಾಯಿತು. ಪ್ರಾಣವುಳಿಯಿತು. ಆದರೆ ಕೆಲವು ನಾಯಿಗಳು ವರ್ಷಗಟ್ಟಲೆ ಕಲಿತದ್ದನ್ನು ಕಳಕೊಂಡುವು. ಅವು ನಿಧಾನವಾಗಿ ಚೇತರಿಸಿಕೊಂಡ ಮೇಲೆ ಸ್ಪೆರಾನ್ಸ್ಕಿ ಎಂಬ ಶಿಷ್ಯನು ಪ್ರಯೋಗದ ಕೋಣೆಯೊಳಗೆ ಬಾಗಿಲಿನ ಸಂದಿಯಿಂದ ತುಸು ನೀರನ್ನು ಹರಿಯಬಿಟ್ಟು ನೋಡಿದನು. ಅಷ್ಟಕ್ಕೆ ನಾಯಿಯು ನಡುಗಿ ಹಳೆಯ ಸ್ಥಿತಿಗೆ ಬಂದಿತು.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಹಿಂದೊಮ್ಮೆ ಔರಾದ ಕಡೆಯ ಬಾಲಕಿಯೊಬ್ಬಳಿದ್ದಳು. ಮೊದಲು ಕಲಿತಿದ್ದ ಕಡೆ ಲೆಕ್ಕ ತಪ್ಪಿದಾಗಲೆಲ್ಲ ಬೆರಳಿನ ಗೆಣ್ಣುಗಳ ಮೇಲೆ ಪೆಟ್ಟು ತಿಂದವಳು. ಪಾಟಿಯನ್ನು ಕೈಗೆ ಕೊಟ್ಟರೆ ಬೆರಳು ಮಡಿಚಿಕೊಳ್ಳುವಳು. ಬೈದರೆ ಮತ್ತಷ್ಟು, ಮುದ್ದಿಸಿದರೂ ಅಷ್ಟೇ. ಬಹಳ ದಿನ ನಮಗೆ ದಾರಿ ತೋರಲಿಲ್ಲ. ಆ ವೇಳೆಗೆ ನಾವು ಓದಿದ್ದು ಮೇರಿ ಕವರ್ ಜೋನ್ಸ್ ಎಂಬ ಅಮೇರಿಕದ ಶೋಧಕಿಯು 1924ರಲ್ಲಿ ಪ್ರಕಟಿಸಿದ ವೃತ್ತಾಂತ. ಮೂರು ವರ್ಷವೂ ತುಂಬದ ಪೀಟರ್ ಎಂಬ ಶಿಶುವಿಗೆ ಮೊಲವೆಂದರೆ ಅತಿ ಭಯ. ಆಕೆಯು ಅವನನ್ನು ಪ್ರಿಯವಾದ ತಿನಿಸಿನ ಮುಂದೆ ಕೂರಿಸಿ, ಅವನಿಗೆ ತೊಂದರೆಯಾಗದಷ್ಟು ದೂರದಲ್ಲಿ ಮೊಲವನ್ನು ಇಡಿಸಿದಳು. ದಿನಕ್ಕಿಷ್ಟು ಹತ್ತಿರ ತರಿಸಿದಳು. ಕೊನೆಗೆ ಶಿಶುವು ಮೊಲವನ್ನು ಮುಟ್ಟಿ ಆಡಿತು. ಅವಸರಪಟ್ಟರೆ ತಿನಿಸಿಗೇ ಭಯವು ಅಂಟಿಕೊಳ್ಳಬಹುದೆಂಬ ಎಚ್ಚರವೂ ಆಕೆಗಿತ್ತು. ನಾವು ಪಾಟಿಯನ್ನು ತೆಗೆದಿಟ್ಟೆವು. ಸಂಜೆಯ ಹೊತ್ತು ಅಡಿಗೆಮನೆಯಲ್ಲಿ ಹುಣಸೆಬೀಜಗಳನ್ನು ಎಣಿಸಿ ಭಾಗ ಮಾಡುವ ಕೆಲಸವನ್ನು ಆಕೆಗೆ ಒಪ್ಪಿಸಿದೆವು; ಭಾಗವು ಸರಿಹೋದ ದಿನ ಹುರಿಗಡಲೆ. ಬೀಜಗಳಿಂದ ನೆಲದ ಮೇಲಿನ ಸುಣ್ಣದ ಗೆರೆಗಳಿಗೆ, ಗೆರೆಗಳಿಂದ ಪಾಟಿಗೆ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಪರೀಕ್ಷೆಯ ದಿನಗಳಲ್ಲಿ ಆಕೆಯ ಬೆರಳುಗಳು ಆಮೇಲೆಯೂ ಮಡಿಚಿಕೊಳ್ಳುತ್ತಿದ್ದವು.

ಕನ್ನಡನಾಡಿಗೆ ಈ ಶಾಸ್ತ್ರವು ಬಂದದ್ದೂ 1924ರಲ್ಲಿಯೇ. ಮೈಸೂರು ವಿಶ್ವವಿದ್ಯಾನಿಲಯವು ಆ ವರುಷ ಮನಶ್ಶಾಸ್ತ್ರ ವಿಭಾಗವನ್ನು ತೆರೆಯಿತು. ಲಂಡನ್ನಿನಲ್ಲಿ ಸ್ಪಿಯರ್ಮನ್ನರ ಬಳಿ ಕಲಿತುಬಂದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಬೆಳೆಸಿದರು. ಭಾರತದಲ್ಲಿ ಮನಶ್ಶಾಸ್ತ್ರಕ್ಕಾಗಿ ಮೊದಲನೆಯ ಪ್ರಾಣಿ ಪ್ರಯೋಗಶಾಲೆಯನ್ನು ಸ್ಥಾಪಿಸಿದ ಕೀರ್ತಿಯು ಅವರದು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯೆಂಬ ಬಾನುಲಿ ನಿಲಯವನ್ನು ನಡೆಸತೊಡಗಿದವರೂ ಅವರೇ.

ಪಾವ್ಲೋವರು ಹೇಳಿದ್ದೆಲ್ಲವೂ ಉಳಿದುಬಂದಿಲ್ಲ. ಮೆದುಳಿನೊಳಗೆ ಪ್ರಚೋದನೆಯೂ ತಡೆಯೂ ಅಲೆಗಳಂತೆ ಹರಡುವುವೆಂಬ ಅವರ ಊಹೆಯನ್ನು ಮುಂದಿನವರು ಕೈಬಿಟ್ಟರು. ಎರಡು ಸಂಗತಿಗಳು ಒಟ್ಟಿಗೆ ಬಂದರೆ ಸಾಲದು, ಮೊದಲನೆಯದು ಎರಡನೆಯದನ್ನು ನಿಜವಾಗಿ ಮುಂತಿಳಿಸುವಂತಿರಬೇಕೆಂದು 1960ರ ದಶಕದ ಶೋಧಗಳು ತೋರಿಸಿದವು. ಇದಕ್ಕಾಗಿ ಅವರ ಮಾನ ಕಡಿಮೆಯಾಗದು. ಏಕೆಂದರೆ ಸ್ವಂತ ಮತವನ್ನು ತಿದ್ದಿಕೊಳ್ಳುವುದರಲ್ಲಿ ಅವರೇ ಮುಂದಾಗಿದ್ದರು. 1933ರಲ್ಲಿ ಕೊಲ್ತುಶಿ ಗ್ರಾಮದ ಅವರ ಸಂಸ್ಥೆಗೆ ರಾಫೇಲ್ ಮತ್ತು ರೋಜಾ ಎಂಬ ಎರಡು ಚಿಂಪಾಂಜಿಗಳು ಬಂದವು. ಮೇಲೆ ತೂಗಿದ ಹಣ್ಣನ್ನು ಪಡೆಯುವುದಕ್ಕಾಗಿ ಅವು ಪೆಟ್ಟಿಗೆಯ ಮೇಲೆ ಪೆಟ್ಟಿಗೆಯನ್ನಿಟ್ಟು ಏರುವುದನ್ನು ಎಂಬತ್ತು ದಾಟಿದ ಮುದುಕರು ಎದುರಿಗೆ ಕುಳಿತು ನೋಡುತ್ತಿದ್ದರು. ಇದನ್ನು ಬರಿಯ ಅನುಬಂಧಿತ ಕ್ರಿಯೆಯೆಂದು ಕರೆಯಲಾಗದು, ಇದು ವಸ್ತುಗಳ ಸಂಬಂಧವನ್ನು ತಿಳಿಯುವ ಬಗೆಯೆಂದು ಶಿಷ್ಯರ ಮುಂದೆ ಒಪ್ಪಿಕೊಂಡರು.

1935ರಲ್ಲಿ ಇನ್ನೊಬ್ಬ ಮಗ ವ್ಸೆವೊಲೊದನು ತೀರಿಕೊಂಡನು. ಅದೇ ವರುಷ ಲೆನಿನ್‌ಗ್ರಾಡಿನಲ್ಲಿ ಸರ್ವದೇಶಗಳ ಶರೀರಶಾಸ್ತ್ರಜ್ಞರು ಸಭೆ ಸೇರಿ ಅವರನ್ನು ಗೌರವಿಸಿದರು. 1936ರ ಫೆಬ್ರವರಿ 27ರಂದು ನ್ಯುಮೋನಿಯಾ ರೋಗದಿಂದ, 86ನೆಯ ವಯಸ್ಸಿನಲ್ಲಿ, ಪಾವ್ಲೋವರು ಮರಣ ಹೊಂದಿದರು. ಪ್ರಯೋಗ ವೈದ್ಯಸಂಸ್ಥೆಯ ತೋಟದಲ್ಲಿ 1935ರಲ್ಲಿಯೇ, ಅವರು ಬದುಕಿರುವಾಗ, ಅವರ ಇಚ್ಛೆಯಂತೆ ಸ್ಮಾರಕವೊಂದನ್ನು ನಿಲ್ಲಿಸಿದ್ದರು. ಅದರ ಪೀಠದ ಮೇಲೆ ಕುಳಿತಿರುವುದು ಪಾವ್ಲೋವರಲ್ಲ, ಒಂದು ನಾಯಿ.